ಕೋಡಿಂಗ್ ಕಾಕಾ

ಮಸಗುಪ್ಪಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಎದುರಾದರೆ ಗೋಕಾಕ ಬಸ್ಸು ತಪ್ಪಿತೆಂದೇ ಲೆಕ್ಕ. ಕೇಳುವುದು ಒಂದೇ ಮಾತು: “ನಮ್ಮ ಹುಡುಗ ದೊಡ್ಡ ಪ್ರೋಗ್ರಾಮರ್ ಆಗ್ಬೇಕಂದ್ರ ಎಷ್ಟನೇ ವಯಸ್ಸಿಗೆ ಚಾಲೂ ಮಾಡ್ಬೇಕ್ರಿ?” ಹುಡುಗ ಆಗ ನಾಲ್ಕನೇ ಇಯತ್ತೆ.

ಇಂಥ ಅಪ್ಪಂದಿರು ಮೂಡಲಗಿಯಲ್ಲೂ ಇದ್ದಾರೆ, ಹುಕ್ಕೇರಿಯಲ್ಲೂ ಇದ್ದಾರೆ. ಕಬ್ಬಿನ ಬಿಲ್ಲು ಬಂದ ವಾರ ಲ್ಯಾಪ್‌ಟಾಪಿನ ರೇಟು ವಿಚಾರಿಸುತ್ತಾರೆ, ಪುಣೆಯಲ್ಲಿರುವ ಅಳಿಯನ ಪಗಾರ ಊರಿಗೆಲ್ಲ ಹೇಳುತ್ತಾರೆ. ಕಾಕಾರ ಪಟ್ಟು ಮಾತ್ರ ಬೇರೆ. ಹೇಗೂ ಬಸ್ಸು ಹೋಯಿತಲ್ಲ ಎಂದು ಈ ಬರಹಗಾರ, ಭಾರಿ ತಿಳಿದವನಂತೆ, ಬಿಲ್ ಗೇಟ್ಸ್ ಕಥೆ ತೆಗೆದದ್ದೇ ತಪ್ಪಾಯಿತು. 1968ರಲ್ಲಿ ಸಿಯಾಟಲ್‌ನ ಲೇಕ್‌ಸೈಡ್ ಶಾಲೆಯ ತಾಯಂದಿರು ಹಳೆ ಸಾಮಾನು ಮಾರಿದ ದುಡ್ಡಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಬಳಸಲು ಟೆಲಿಟೈಪ್ ಯಂತ್ರ ಕೊಡಿಸಿದರು; ಗೇಟ್ಸ್‌ಗೆ ಆಗ 13. “ಹಂಗಾದ್ರ ನಮ್ಮಾಂವ ಮೂರ್ ವರ್ಷ ಮುಂದ ಅದಾನ!” ಎಂದ ಕಾಕಾ ಮನೆಗೆ ಹೋಗಿ ಕಾಕುವಿನ ಹಿತ್ತಾಳೆ ಹಂಡೆಯತ್ತ ನೋಡಿದರಂತೆ. ಹಂಡೆ ಉಳಿಯಿತು, ಎರಡು ಎಮ್ಮೆಯಲ್ಲಿ ಒಂದು ಹೋಯಿತು.

ಲ್ಯಾಪ್‌ಟಾಪ್ ಬಂತು. ಅರಿಷಿಣ-ಕುಂಕುಮ, ಊದಿನಕಡ್ಡಿ ಮುಗಿಸಿಕೊಂಡು ನೇರ ತಿಜೋರಿ ಸೇರಿತು. ಕೀಲಿ ಕಾಕಾರ ಉಡದಾರದಲ್ಲಿ. ರವಿವಾರ ಒಂದು ತಾಸು, ಕೈ ತೊಳೆದುಕೊಂಡು, ಅವರ ಕಣ್ಣೆದುರೇ ಕೋಡಿಂಗ್. “ಏ, ಆ ಬಟನ್ ಒತ್ತಬ್ಯಾಡ, ಕೆಡತೈತಿ!”

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ಕಾಕಾ ಹೊಲದ ಉತಾರಾ ಮರೆತು ಲ್ಯಾಪ್‌ಟಾಪನ್ನು ತಲೆಯ ಮೇಲೆ ಹೊತ್ತು ಹೊರಟಿದ್ದರು. ಅಂದಿನಿಂದ ಅವರನ್ನು ಆಡಿಕೊಳ್ಳಲು ಪೂರ್ತಿ ಬಾಯಿ ಬರುವುದಿಲ್ಲ.

ಹುಡುಗ ಎಲ್ಲಿ? ಅಜ್ಜನ ಜೊತೆ ಪಂಪ್‌ಸೆಟ್ ಹತ್ತಿರ. 1887ರಲ್ಲೇ ಜಲಪಾತದ ನೀರಿನಿಂದ ಗಿರಣಿ ನಡೆಸಿದ ಗೋಕಾಕ ಸೀಮೆಯಲ್ಲಿ ಹೊಲದ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ. ರಾತ್ರಿ ಪಾಳಿಯಾದರೆ ಕಬ್ಬಿನ ಬದುವಿನ ಮೇಲೆ ಕಾದು ಕೂರಬೇಕು. ಆ ಹೊತ್ತಿನಲ್ಲಿ ಅಜ್ಜ ಫ್ಯೂಜ್ ಕಿತ್ತು ಜೇಬಿಗಿಟ್ಟುಕೊಂಡು, ಆಟೋ ಸ್ಟಾರ್ಟರಿನ ಡಬ್ಬಿಯನ್ನು ಮೊಮ್ಮಗನಿಗೆ ಬಿಚ್ಚಲು ಕೊಡುತ್ತಾರೆ. “ಮೂರೂ ದೀಪ ಹತ್ತಿದ್ರ ತುಸು ತಡದು ಮೋಟಾರ್ ಚಾಲೂ. ಒಂದ್ ಆರಿದ್ರ ಬಂದ್,” ಎಂದು ಹುಡುಗ ಒಮ್ಮೆ ವಿವರಿಸಿದ. ಬಾವಿಯಲ್ಲಿ ನೀರೇ ಇಲ್ಲದಿದ್ದರೆ? ಆಗಲೂ ಬಂದ್ ಆಗುವ ವ್ಯವಸ್ಥೆಯನ್ನು ತಾನೇ ಕೂಡಿಸುತ್ತಾನಂತೆ. ಡಬ್ಬಿ ಎರಡು ಸಲ ಸುಟ್ಟಿದೆ. ಅಜ್ಜ ಬೈದಿಲ್ಲ. ‘ಹೀಗಾದರೆ ಹಾಗೆ’ ಎಂಬ ಈ ಪಾಠಕ್ಕೇ ಪೇಟೆಯ ಮಕ್ಕಳು ಫೀ ಕಟ್ಟುತ್ತಾರೆ.

ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್‌ಗೂ ಅಜ್ಜನೇ ಗತಿ. ಹೆಲ್ಸಿಂಕಿಯ ಆ ಅಜ್ಜ ಸಂಖ್ಯಾಶಾಸ್ತ್ರದ ಪ್ರೊಫೆಸರ್. 1981ರ ಸುಮಾರಿಗೆ, 11 ವರ್ಷದ ಮೊಮ್ಮಗನಿಂದ ತಮ್ಮ ಕಮೊಡೋರ್ ವಿಕ್-20ರಲ್ಲಿ ಪ್ರೋಗ್ರಾಮ್ ಟೈಪ್ ಮಾಡಿಸುತ್ತಿದ್ದರು. ಯಂತ್ರದ ಮೆಮೊರಿ ಬರೀ 5 ಕಿಲೋಬೈಟ್. ಈ ಕಥೆಯನ್ನು ಕಾಕಾಗೆ ಇನ್ನೂ ಹೇಳಿಲ್ಲ, ಅಜ್ಜನನ್ನೂ ತಿಜೋರಿಯಲ್ಲಿಟ್ಟಾರೆಂಬ ಹೆದರಿಕೆ.

ಕಾಕಾ, ಒಂದು ವಾರ ಆ ಕೀಲಿ ಹುಡುಗನ ಕೈಗೆ ಕೊಟ್ಟು ನೋಡ್ರಿ. ಕೆಟ್ಟರೆ ರಿಪೇರಿಯ ಅರ್ಧ ಖರ್ಚು ಈ ಬರಹಗಾರನದು.