ನೀರಿಲ್ಲದೂರಿನ ನೌಕಾಧಿಪತಿ

ಕತಾರಿನಲ್ಲಿ ಹೆಸರಿಗೆ ಒಂದು ನದಿಯೂ ಇಲ್ಲ. ವರ್ಷವಿಡೀ ಬೀಳುವ ಮಳೆ ಸರಾಸರಿ 75 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ಮಧ್ಯಾಹ್ನಕ್ಕೆ ಅಷ್ಟು ಸುರಿದೀತು. ದೇಶದ ಮೂರು ಕಡೆ ಸಮುದ್ರವಿದೆ ನಿಜ. ಆದರೆ ದೋಹಾದ ಪಶ್ಚಿಮಕ್ಕೆ, ಅಲ್ ರಯ್ಯಾನ್ ಪುರಸಭೆಗೆ ಸೇರಿದ ಮುಐದರ್ ಬಡಾವಣೆಯಿಂದ ಅದು ಕಾಣುವುದಿಲ್ಲ. ಇಲ್ಲಿ ಕಾಣುವುದು ಧೂಳು, ಮರಳಿನ ಬಣ್ಣದ ಕಾಂಪೌಂಡು, ಕಾಂಪೌಂಡಿನೊಳಗೊಂದು ವಿಲ್ಲಾ, ಆ ವಿಲ್ಲಾದೊಳಗೆ ಜಿಪ್ಸಂ ಗೋಡೆ ಎಬ್ಬಿಸಿ ಮಾಡಿದ ಆರು ಮನೆ. ಸೀಮೆಗೆ ನೀರು ಬಂತು ಅಂತ ಹೇಳಿಕೊಳ್ಳುವುದಾದರೆ 2018ರ ಅಕ್ಟೋಬರ್ 20ರಂದು ಬಂದದ್ದು. ಒಂದು ವರ್ಷದ ಮಳೆ ಒಂದೇ ದಿನ ಸುರಿದು, ದೋಹಾದ ಅಂಡರ್‌ಪಾಸುಗಳಲ್ಲಿ ಕಾರುಗಳು ತೇಲಿದವು.

ಇಂಥ ಊರಲ್ಲಿ ದೋಣಿ ಕಟ್ಟುವ ಯೋಚನೆ ಹುಟ್ಟುವುದು ಸಹಜವೇ. ನೀರಿರುವ ಕಡೆ ದೋಣಿ ಕಟ್ಟಿದವನಿಗೆ ಅದು ತೇಲಬೇಕೆಂಬ ಒತ್ತಡವಿರುತ್ತದೆ. ಮುಐದರ್‌ನಲ್ಲಿ ಆ ತಾಪತ್ರಯವಿಲ್ಲ.

ನಮ್ಮ ವಿಲ್ಲಾದ ಮೇಲ್ಮನೆಯಲ್ಲಿ ಒಬ್ಬರು ಪ್ರಾಜೆಕ್ಟ್ ಮ್ಯಾನೇಜರ್ ಇದ್ದಾರೆ. ಬೆಂಗಳೂರಿನವರು, ಸಿವಿಲ್ ಎಂಜಿನಿಯರು, ಹಳೇ ಕತಾರಿಗರು. 2009ರಲ್ಲಿ ದೋಹಾ ಕೊಲ್ಲಿಯಲ್ಲಿ ಓರಿಕ್ಸ್ ಕಪ್ ಎಂಬ ಪಂದ್ಯ ಶುರುವಾದಾಗ, ಅಮೆರಿಕದಿಂದ ಹಡಗಿನ ಮೇಲೆ ಬಂದ ಹೈಡ್ರೋಪ್ಲೇನ್‌ಗಳನ್ನು ಕಾರ್ನಿಶ್‌ನಲ್ಲಿ ನಿಂತು ಕಣ್ಣಾರೆ ಕಂಡವರು. ಚಿನೂಕ್ ಹೆಲಿಕಾಪ್ಟರಿಗೆ ಹಾಕುವ ಟರ್ಬೈನ್ ಎಂಜಿನನ್ನೇ ಹೊತ್ತು, ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ, ಮುಕ್ಕಾಲುಪಾಲು ಗಾಳಿಯಲ್ಲೇ ಓಡುವ ದೋಣಿಗಳು ಅವು. ಅಂದಿನಿಂದ ಸಾಹೇಬರ ಎದೆಯಲ್ಲಿ ಒಂದು ಪ್ರೊಪೆಲರ್ ತಿರುಗುತ್ತಲೇ ಇತ್ತು. ಮಕ್ಕಳು ದೊಡ್ಡವರಾಗಿ, ಸಾಲ ತೀರಿ, ಇಲ್ಲಿನ ಕನ್ನಡಿಗರ ಸಂಘದ ಚುನಾವಣೆಯಲ್ಲಿ ಸೋತು ಬಿಡುವಾದ ಮೇಲೆ ಘೋಷಿಸಿಯೇಬಿಟ್ಟರು: ರೇಡಿಯೋ ನಿಯಂತ್ರಿತ ಸ್ಪೀಡ್‌ಬೋಟ್, ಶೂನ್ಯದಿಂದ, ಸ್ವಂತ ಕೈಯಿಂದ.

ಶೂನ್ಯದಿಂದ ಎಂದರೆ ನೀವು ಮರದಿಂದ ಎಂದುಕೊಂಡೀರಿ. ಅಲ್ಲ, ಮೋಟರಿನಿಂದ. ಇಂಥ ದೋಣಿಗೆ ಮೊದಲು ಬೇಕಾದದ್ದು ಒಡಲು: ಎಷ್ಟು ಉದ್ದ, ಎಷ್ಟು ಅಗಲ, ತಳ ಎಷ್ಟು ಚೂಪು, ಅದು ಹೊರಬಲ್ಲ ತೂಕ ಎಷ್ಟು. ಮೋಟರಿನ ಲೆಕ್ಕ ಅದರ ನಂತರ. ಆದರೆ ಒಡಲಿನ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಳ್ಳಲು ಏನಿದೆ? ಮೋಟರಿಗೆ ಸಂಖ್ಯೆ ಇದೆ. ಬ್ರಶ್‌ಲೆಸ್ ಮೋಟರಿನ ಮೈಮೇಲೆ ಕೆವಿ ಅಂತ ಬರೆದಿರುತ್ತಾರೆ. ಭಾರ ಹೊರಿಸದೆ ಬಿಟ್ಟರೆ ವೋಲ್ಟ್ ಒಂದಕ್ಕೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ ಅದು. ಸಾಹೇಬರು ತರಿಸಿದ್ದು 2000 ಕೆವಿ. ಮೂರು ಸೆಲ್ಲಿನ ಲಿಪೊ ಬ್ಯಾಟರಿ 11.1 ವೋಲ್ಟ್, ಅಂದರೆ ನಿಮಿಷಕ್ಕೆ 22,200 ಸುತ್ತು. ಕಲಿಯುವವನಿಗೆ ಅಷ್ಟೇ ಅತಿಯಾಯಿತು. ಆದರೆ ಗುಣಾಕಾರ ಬಲ್ಲ ಎಂಜಿನಿಯರ್ ಅಲ್ಲಿಗೆ ನಿಲ್ಲುತ್ತಾನೆಯೇ? ಇನ್ನೊಂದು ಬ್ಯಾಟರಿ ಸರಣಿಯಲ್ಲಿ ಸೇರಿಸಿದರೆ 44,400. ಗುಂಪಿನಲ್ಲಿ ಹೆಬ್ಬೆರಳುಗಳು ಎದ್ದವು, ಚಪ್ಪಾಳೆಗಳು ಬಿದ್ದವು, "ಹೆಮ್ಮೆಯ ಕನ್ನಡಿಗ" ಎಂದು ಯಾರೋ ಹಳದಿ ಕೆಂಪು ಬಾವುಟ ಹಾಕಿದರು. ದೋಣಿಯದೆನ್ನಲು ಅಷ್ಟರವರೆಗೆ ಒಂದು ಚಕ್ಕೆ ಮರವೂ ಮನೆಗೆ ಬಂದಿರಲಿಲ್ಲ.

ಮುಂದಿನದು ಯೋಜನೆ. ಎಕ್ಸೆಲ್ ಹಾಳೆ ತೆರೆಯಿತು. ಗ್ಯಾಂಟ್ ಚಾರ್ಟಿನಲ್ಲಿ ನೀಲಿ ಪಟ್ಟಿಗಳು ಮಲಗಿದವು: ವಿನ್ಯಾಸ, ಖರೀದಿ, ನಿರ್ಮಾಣ, ಜಲಾರ್ಪಣೆ, ಸನ್ಮಾನ. ಕಿಕ್-ಆಫ್ ಮೀಟಿಂಗ್ ಚಹಾ ಮತ್ತು ಮದ್ದೂರು ವಡೆಯೊಂದಿಗೆ ನಡೆಯಿತು. ನಿರ್ಮಾಣ ಸ್ಥಳ, ವಿಲ್ಲಾದ ತಾರಸಿ, ಡಿಶ್ ಆಂಟೆನಾಗಳ ನಡುವೆ. ಎಲ್ಲ ಮುಗಿದು ಮೂರು ಮಿಲಿಮೀಟರಿನ ಪ್ಲೈವುಡ್ ಹಾಳೆ ಎದುರಿಗೆ ಬಂದಾಗ ಒಂದು ಸಣ್ಣ ತೊಡಕು ಎದುರಾಯಿತು. ಅದನ್ನು ಕೊಯ್ಯಬೇಕಿತ್ತು.

ಇಲ್ಲಿ ಒಂದು ಮಾತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷ ವರ್ಕ್‌ಶಾಪ್ ಎಂಬುದೊಂದಿದೆ. ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡಬೇಕು, ಎರಡು ಮರದ ತುಂಡು ಕೊರೆದು ಕೂಡಿಸಬೇಕು. ವಿದ್ಯಾರ್ಥಿ ಸುಮ್ಮನೆ ನಿಂತು ಬೆವರುತ್ತಾನೆ, ಲ್ಯಾಬಿನ ಅಟೆಂಡರ್ ಬಂದು ನಾಲ್ಕು ಏಟಿಗೆ ಕೂಡಿಸಿಕೊಟ್ಟು ಹೋಗುತ್ತಾರೆ, ಅಂಕ ವಿದ್ಯಾರ್ಥಿಗೆ. ನಾಲ್ಕು ವರ್ಷದ ಪದವಿಯಲ್ಲಿ ನಿಜಕ್ಕೂ ಜೀವನಕ್ಕೆ ಉಪಯೋಗವಾಗುವ ಪಾಠ ಅದೊಂದೇ. ಕೊಲ್ಲಿ ದೇಶಗಳಲ್ಲಿ ನಮ್ಮವರ ಅರ್ಧ ಏಳಿಗೆ ಆ ಪಾಠದ ಮೇಲೆಯೇ ನಿಂತಿದೆ.

ಸಾಹೇಬರು ಪ್ರಯತ್ನಪಟ್ಟರು, ಇಲ್ಲವೆನ್ನಬಾರದು. ಗರಗಸ ಗೆರೆಯ ಎಡಕ್ಕೆ ಹೋಯಿತು, ಸರಿಮಾಡಲು ಹೋದರೆ ಬಲಕ್ಕೆ ಹೋಯಿತು. ಎಪಾಕ್ಸಿ ಅಂಟಿನ ಡಬ್ಬಿಯ ಮೇಲೆ ಐದು ನಿಮಿಷ ಅಂತ ಬರೆದಿತ್ತು. ಬರೆದವನು ಜೂನ್ ತಿಂಗಳ ಮುಐದರ್ ತಾರಸಿ ಕಂಡವನಲ್ಲ. ರಾಳಕ್ಕೂ ಗಟ್ಟಿಕಾರಕಕ್ಕೂ ಸೆಕೆ ಹೆಚ್ಚಾದಷ್ಟೂ ಆತುರ. ಕಲಸಿ ಮುಗಿಸುವುದರೊಳಗೆ ಬಟ್ಟಲಲ್ಲೇ ಹೊಗೆಯಾಡಿ ಕಲ್ಲಾಯಿತು, ಕಡ್ಡಿ ಅದರೊಳಗೆ ಧ್ವಜಸ್ತಂಭವಾಗಿ ನಿಂತಿತು. ಬೇಸಿಗೆಯಲ್ಲಿ ಹೊರಗಿನ ಕೆಲಸಕ್ಕೆ ಇಲ್ಲಿ ಕಾನೂನಿನ ತಡೆಯಿದೆ: ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಲ್ಲಿ ಯಾರನ್ನೂ ದುಡಿಸುವಂತಿಲ್ಲ. ತಮ್ಮ ಸೈಟಿನಲ್ಲಿ ಈ ನಿಯಮದಿಂದ ಪ್ರಗತಿ ಕುಂಠಿತವಾಗುತ್ತದೆಂದು ಗೊಣಗುತ್ತಿದ್ದ ಸಾಹೇಬರು, ತಾರಸಿಯ ಮೇಲೆ ಕಾಲು ಗಂಟೆ ನಿಂತ ಮೇಲೆ ಅದನ್ನು ಅತ್ಯಂತ ಮಾನವೀಯ ಕಾನೂನು ಎಂದು ಕರೆದರು.

ಆಗ ಬಂದರು ಆಚಾರಿ.

ಗಂಗೊಳ್ಳಿ ಕಡೆಯವರು. ಅಜ್ಜ, ಅಪ್ಪ ಮೀನುಗಾರಿಕೆ ದೋಣಿ ಕಟ್ಟಿದವರು. ಇಂಡಸ್ಟ್ರಿಯಲ್ ಏರಿಯಾದ ಒಂದು ಮರಗೆಲಸದ ಕಾರ್ಖಾನೆಯಲ್ಲಿ ಅಡುಗೆಮನೆ ಕಪಾಟು ಮಾಡುತ್ತಾರೆ. ಐಡಿ ಕಾರ್ಡಿನಲ್ಲಿ ವೃತ್ತಿ ಎಂಬಲ್ಲಿ ಕ್ಲೀನರ್ ಎಂದಿದೆ; ಏಜೆಂಟನ ಬಳಿ ಆ ಹೊತ್ತಿಗೆ ಆ ವೀಸಾ ಖಾಲಿಯಿತ್ತು, ಇವರು ಅದರೊಳಗೆ ಹತ್ತಿ ಬಂದರು. ಇದೇನೂ ಹೊಸ ದಾರಿಯಲ್ಲ. ಈ ಕೊಲ್ಲಿಯಲ್ಲಿ ಮುತ್ತು ಹೆಕ್ಕಲು ಹೋಗುತ್ತಿದ್ದ ದೋಣಿಗಳೂ ಮಲಬಾರಿನ ಸಾಗುವಾನಿಯಿಂದ ಆದವು. ಕರಾವಳಿಯ ಮರ ಹಿಂದಿನಿಂದಲೂ ಬರುತ್ತಿತ್ತು, ಮರ ಬಲ್ಲವರು ಈಗಲೂ ಬರುತ್ತಿದ್ದಾರೆ. ಮರಕ್ಕೆ ವೃತ್ತಿಯ ಕಲಂ ಇರಲಿಲ್ಲ ಅಷ್ಟೆ.

ಶುಕ್ರವಾರ ಅವರ ರಜೆ. ಸಾಹೇಬರ ಮನೆಯ ಬಾಗಿಲು ಸರಿಮಾಡಲು ಬಂದವರು ತಾರಸಿಗೂ ಬಂದು, ಅರ್ಧ ಕಟ್ಟಿದ ಒಡಲನ್ನು ತಿರುಗಿಸಿ ನೋಡಿ, ಎರಡು ಬೆರಳ ಮೇಲೆ ತೂಗಿದರು.

"ಸಾರ್, ಇದ್ ಮಗುಚತ್ತ್. ಹಿಂದೆ ಭಾರ ಜಾಸ್ತಿ ಆಯ್ತ್."

"ನೋಡಪ್ಪಾ, ಇದು ನಿಮ್ಮ ಮೀನಿನ ದೋಣಿಯಲ್ಲ. ಹೈ ಸ್ಪೀಡ್. ಇದರ ಲೆಕ್ಕಾನೇ ಬೇರೆ."

ಲೆಕ್ಕ ಬೇರೆಯಲ್ಲ. ವೇಗದ ದೋಣಿಯ ತೂಕದ ನಡುಬಿಂದು ಹಿಂಬದಿಯಿಂದ ಉದ್ದದ ಸುಮಾರು ಶೇಕಡಾ 30ರಲ್ಲಿ ಇರಬೇಕೆನ್ನುವುದು ಈ ಹವ್ಯಾಸದವರೆಲ್ಲ ಒಪ್ಪುವ ಮಾತು. ಅದಕ್ಕಿಂತ ಹಿಂದೆ ಸರಿದರೆ ಮೂತಿ ಎದ್ದು, ಅಡಿಗೆ ಗಾಳಿ ನುಗ್ಗಿ, ಅಂಗಾತ ಬೀಳುತ್ತದೆ. ಸಾಹೇಬರು ಎರಡೂ ಬ್ಯಾಟರಿಗಳನ್ನು ಮುಚ್ಚಳ ತೆಗೆಯಲು ಅನುಕೂಲವೆಂದು ಹಿಂದೆಯೇ ಕೂರಿಸಿದ್ದರು.

ನೀರು ಹುಡುಕುವುದು ಇನ್ನೊಂದು ಪರ್ವ. ಮುಐದರ್‌ಗೆ ಹತ್ತಿರದಲ್ಲಿ ಆಸ್ಪೈರ್ ಉದ್ಯಾನದ ಕೊಳವಿದೆ. ಅಲ್ಲಿ ಬಾತುಕೋಳಿಗಳಿವೆ, ತಳ್ಳುಗಾಡಿಯಲ್ಲಿ ಎಳೆಮಕ್ಕಳಿದ್ದಾರೆ. ಅವುಗಳ ನಡುವೆ ನಿಮಿಷಕ್ಕೆ 44,400 ಸುತ್ತಿನ ಲೋಹದ ಅಲಗು ಬಿಡುವುದು ಬೇಡವೆಂದು ಸಾಹೇಬರ ಹೆಂಡತಿ ಹೇಳಿದರು. ಇಡೀ ಯೋಜನೆಯಲ್ಲಿ ಸಾಹೇಬರು ಕಿವಿಗೆ ಹಾಕಿಕೊಂಡ ಏಕೈಕ ತಾಂತ್ರಿಕ ಅಭಿಪ್ರಾಯ ಅದೇ ಎಂದು ನನ್ನ ಎಣಿಕೆ. ಕೊನೆಗೆ ಜನರಿಲ್ಲದ ಒಂದು ಕಡಲತೀರಕ್ಕೆ ಮೆರವಣಿಗೆ ಹೊರಟಿತು. ಕಾಯಿ ಒಡೆದರು, ಲೈವ್ ಹಾಕಿದರು. ಸಾಹೇಬರು ಟ್ರಿಗರ್ ಎಳೆದರು. ದೋಣಿ ನಾಲ್ಕು ಮಾರು ಓಡಿತೋ ಇಲ್ಲವೋ, ಮೂತಿ ಆಕಾಶ ನೋಡಿತು, ಮಗುಚಿತು, ಮುಳುಗಿತು. ಕತಾರಿನ ಕಡಲು ಸಾಮಾನ್ಯ ಕಡಲಿಗಿಂತ ಹೆಚ್ಚು ಉಪ್ಪು. ಅಲ್ಲಿ ವಸ್ತುಗಳು ತುಸು ಸುಲಭವಾಗಿಯೇ ತೇಲಬೇಕು. ಭೌತಶಾಸ್ತ್ರ ಕೊಟ್ಟ ಆ ರಿಯಾಯಿತಿಯನ್ನೂ ಸಾಹೇಬರು ಬಳಸಿಕೊಳ್ಳಲಿಲ್ಲ.

ಎದೆಮಟ್ಟ ನೀರಿಗಿಳಿದು ಎತ್ತಿ ತಂದವರು ಯಾರೆಂದು ಹೇಳಬೇಕಿಲ್ಲ. ಲೈವ್ ಅಷ್ಟರಲ್ಲಿ ನಿಂತಿತ್ತು.

ಸಂಜೆಯ ಪರಾಮರ್ಶೆ ಸಭೆಯಲ್ಲಿ ಬ್ಯಾಟರಿ ತಯಾರಿಸಿದ ದೇಶವನ್ನೂ, ಗಾಳಿಯ ದಿಕ್ಕನ್ನೂ, ಹೊರಡುವಾಗ ಎದುರಾದ ಬೆಕ್ಕನ್ನೂ ಹೊಣೆ ಮಾಡಲಾಯಿತು. ನಂತರದ ಶುಕ್ರವಾರಗಳಲ್ಲಿ ಆಚಾರಿ ಹೊಸ ಒಡಲು ಕಟ್ಟಿದರು. ಅಡ್ಡಹಲಗೆಗಳಿಗೆ ಮೂರು ಮಿಲಿಮೀಟರ್, ಹೊದಿಕೆಗೆ ಒಂದೂವರೆ. ಪ್ಲೈವುಡ್ಡಿಗೆ ಬಿಸಿನೀರು ಸವರಿ ಬಗ್ಗಿಸಿದರು. ಅಂಟಿನ ಕೆಲಸವನ್ನೆಲ್ಲ ಸೂರ್ಯ ಹುಟ್ಟುವ ಮೊದಲೇ ಮುಗಿಸುತ್ತಿದ್ದರು. ಮೂತಿಯೊಳಗೆ ಥರ್ಮೊಕೋಲ್ ತುಂಬಿದರು, ಮಗುಚಿದರೂ ಮುಳುಗಬಾರದು ಅಂತ. ಎರಡನೇ ಬ್ಯಾಟರಿ ತೆಗೆದು ಬದಿಗಿಟ್ಟರು. ಉಳಿದೊಂದನ್ನು ಬೆರಳ ಮೇಲೆ ಒಡಲು ಸಮತೂಗುವ ತನಕ ಮುಂದಕ್ಕೆ ಸರಿಸಿದರು. ಪ್ರೊಪೆಲರ್ ತಿರುಗಿಸುವ ಸರಿಗೆಗೆ ಗ್ರೀಸ್ ತುಂಬಿ, ಪ್ರತಿ ಓಟದ ಬಳಿಕ ಅದನ್ನು ಹೊರಗೆಳೆದು ಸಿಹಿನೀರಲ್ಲಿ ತೊಳೆಯಬೇಕೆಂದರು. ಊರಿನ ಔಟ್‌ಬೋರ್ಡ್ ಎಂಜಿನ್‌ಗಳನ್ನೂ ಸಿಹಿನೀರಲ್ಲೇ ತೊಳೆಯುತ್ತಿದ್ದರು. ಈ ಸಲ ದೋಣಿ ಹೊರಟಿತು, ತಿರುಗಿತು, ದಡಕ್ಕೂ ಬಂತು. ಸಾಹೇಬರ ಕೊಡುಗೆಯಾಗಿ ಅದರ ಮೈಗೆ ಮಿಂಚಿನ ಸ್ಟಿಕರ್ ಬಿತ್ತು.

ಜಗತ್ತು ಕಂಡ ಮೊದಲ ರೇಡಿಯೋ ನಿಯಂತ್ರಿತ ಯಂತ್ರವೂ ದೋಣಿಯೇ ಎನ್ನುತ್ತಾರೆ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ಒಂದು ನೀರಿನ ತೊಟ್ಟಿಯಲ್ಲಿ ಅದನ್ನು ಓಡಿಸಿ ತೋರಿಸಿದ. ಅದೇ ವರ್ಷದ ನವೆಂಬರಿನಲ್ಲಿ ಪೇಟೆಂಟೂ ಬಂತು, ಸಂಖ್ಯೆ 613,809. ನೋಡಿದವರು ನಂಬಲಿಲ್ಲವಂತೆ. ಮಂತ್ರವೆಂದರು, ಮನಸ್ಸಿನಿಂದಲೇ ನಡೆಸುತ್ತಾನೆಂದರು, ಒಳಗೆ ಯಾರನ್ನೋ ಅಡಗಿಸಿಟ್ಟಿದ್ದಾನೆಂದರು. ಒಳಗೆ ಯಾರೂ ಇರಲಿಲ್ಲ. ಮುಐದರ್ ದೋಣಿಯೊಳಗೆ ಗಂಗೊಳ್ಳಿಯ ಮೂರು ತಲೆಮಾರು ಕೂತಿತ್ತು, ಆದರೆ ನಮ್ಮವರು ನಂಬಿಕಸ್ಥರು. ಯಾರೂ ಅನುಮಾನಪಡಲಿಲ್ಲ.

ಸನ್ಮಾನ ಗ್ಯಾಂಟ್ ಚಾರ್ಟಿನ ಪ್ರಕಾರವೇ ನಡೆಯಿತು. ಯೋಜನೆಯಲ್ಲಿ ಸಮಯಕ್ಕೆ ಮುಗಿದ ಘಟ್ಟ ಅದೊಂದೇ. ಪೇಟ, ಶಾಲು, ಹಣ್ಣಿನ ಬುಟ್ಟಿ, ಫಲಕ. "ಎಂಜಿನಿಯರುಗಳು ಕೈ ಕೆಸರು ಮಾಡಿಕೊಳ್ಳಬೇಕು" ಎಂಬ ವಿಷಯದ ಮೇಲೆ ಸಾಹೇಬರು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು, ಸಭೆಯಲ್ಲಿದ್ದ ತಂದೆತಾಯಿಗಳು ಮಕ್ಕಳ ತೊಡೆ ತಟ್ಟಿ ಕೇಳಿಸಿಕೋ ಎಂದರು. ಆಚಾರಿಯವರನ್ನೂ ಮರೆಯಲಿಲ್ಲ, ವಂದನಾರ್ಪಣೆಯಲ್ಲಿ ಊಟ ಬಡಿಸಿದವರು, ಮೈಕಿನವರು ಮತ್ತು "ಸಹಕರಿಸಿದ ಎಲ್ಲರ" ನಡುವೆ ಅವರು ಎಲ್ಲೋ ಬಂದುಹೋದರು. ಆ ಹೊತ್ತಿಗೆ ಅವರು ವೇದಿಕೆಯ ಹಿಂದೆ, ಬ್ಯಾನರಿನ ಸಡಿಲವಾದ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದರು.

ಈಗ ವಿಲ್ಲಾದ ಆರು ಮನೆಗಳಲ್ಲಿ ಮೂರಕ್ಕೆ ದೋಣಿಯ ಹುಚ್ಚು ಹತ್ತಿದೆ. ಮೂವರೂ ಶೂನ್ಯದಿಂದ ಕಟ್ಟುವವರು, ಮೂವರ ಮೋಟರುಗಳೂ ಬಂದಾಗಿವೆ. ಆಚಾರಿ ಮಾತ್ರ ಶುಕ್ರವಾರ ಫೋನು ಬಂದ್ ಮಾಡಿ ಮಧ್ಯಾಹ್ನದವರೆಗೂ ಮಲಗುತ್ತಾರಂತೆ.

"ಈ ಜನಕ್ಕೆ ಕಮಿಟ್‌ಮೆಂಟೇ ಇಲ್ಲ ಕಣ್ರೀ," ಅಂದರು ಸಾಹೇಬರು.