ಮಾನ್ಯ ಕಬ್ಬಿಣದ ಬೀಗದಕೈಯವರಿಗೆ

ಮಾನ್ಯರೇ,

ಬಸ್ ಸ್ಟ್ಯಾಂಡಿನಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಡಾಕ್ಟರಿಗಿಂತ ಮೊದಲು ಹಾಜರಾಗುವವರು ತಾವು. ಕಂಡಕ್ಟರ ಜೇಬಿನಿಂದಲೋ ಅಂಗಡಿಯವರ ಸೊಂಟದಿಂದಲೋ ಇಳಿದು ಬಂದು ರೋಗಿಯ ಮುಷ್ಟಿ ಸೇರುತ್ತೀರಿ. ನೇಮಕಾತಿ, ತರಬೇತಿ, ವರ್ಗಾವಣೆ, ಬಾಕಿ ಸಂಬಳದ ತಗಾದೆ ಯಾವುದೂ ಇಲ್ಲದ ಇಂಥ ಆರೋಗ್ಯ ಸಿಬ್ಬಂದಿ ಯಾವ ಸರ್ಕಾರಕ್ಕೆ ಬೇಡ?

ತಮ್ಮ ಕೈಗುಣವನ್ನೂ ಒಪ್ಪಲೇಬೇಕು. ಬಹುತೇಕ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಷ್ಟರಲ್ಲಿ ತಾವು ಮುಷ್ಟಿಯಲ್ಲಿರುತ್ತೀರಿ, ಹೆಸರು ತಮಗೆ. ರೋಗಿಯನ್ನು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನನ್ನೂ ತುರುಕದೆ, ಗಡಿಯಾರ ನೋಡುತ್ತಾ ಕೂತು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುವ ಸಪ್ಪೆ ಕೆಲಸಕ್ಕೆ ಚಪ್ಪಾಳೆ ಎಲ್ಲಿಂದ ಬರಬೇಕು?

ತಮ್ಮ ಎದುರಾಳಿಗಳೂ ಹೊಸಬರಲ್ಲ. ಫಿನೊಬಾರ್ಬಿಟೋನ್ ಎಂಬ ಅಗ್ಗದ ಮಾತ್ರೆ ಫಿಟ್ಸ್ ತಡೆಯುತ್ತದೆಂದು ಗೊತ್ತಾದದ್ದು 1912ರಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಜೊತೆಗೆ ಮೂರ್ಛೆರೋಗವನ್ನೂ ಅಲ್ಲಲ್ಲೇ ನೋಡಿಕೊಳ್ಳಬಹುದೆಂದು ತೋರಿಸಿಕೊಟ್ಟರು. ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇಂಥವೇ ಹಳೆಯ ಮಾತ್ರೆಗಳಿಂದ ಫಿಟ್ಸ್ ಹತೋಟಿಗೆ ತಂದ ವರದಿ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲೇ ಅಚ್ಚಾಯಿತು. ಬಸ್ ಸ್ಟ್ಯಾಂಡಿನಲ್ಲಿ ‘ಲ್ಯಾನ್ಸೆಟ್’ ಮಾರುವುದಿಲ್ಲ, ಅದು ತಮ್ಮ ಪುಣ್ಯ.

ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಪ್ಪತ್ತು ವರ್ಷ ಕಳೆದು, 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಎಣಿಸಿದಾಗ, ಒಂದೊಂದು ಮಾನಸಿಕ ಕಾಯಿಲೆಯಲ್ಲೂ ನೂರಕ್ಕೆ 70ರಿಂದ 92 ಜನ ಚಿಕಿತ್ಸೆಯ ಹೊರಗೇ ಇದ್ದರು. ತಮ್ಮ ಬಂಧು ತಾಯತದವರಿಗೂ ಕೆಲಸಕ್ಕೆ ಬರವಿಲ್ಲ.

ಇನ್ನೊಬ್ಬ ಬಂಧು ಹಾಫ್ ಹೆಲ್ಮೆಟ್ಟನ್ನು ಮರೆಯುವುದುಂಟೇ? ಪೊಲೀಸರ ಕಣ್ಣಿಗೆ ಹೆಲ್ಮೆಟ್, ರಸ್ತೆಗೆ ಬಿದ್ದ ತಲೆಗೆ ಬರೀ ಟೋಪಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ. ತಲೆಗೆ ಪೆಟ್ಟಾಗಿ ಬದುಕುಳಿದವರಲ್ಲಿ ಕೆಲವರಿಗೆ ಆಮೇಲೆ ಫಿಟ್ಸ್ ಶುರುವಾಗುತ್ತದೆ. ಹೀಗೆ ಹಾಫ್ ಹೆಲ್ಮೆಟ್ಟಿನವರು ಕಳಿಸಿದ ಗಿರಾಕಿ ನೇರ ತಮ್ಮ ಬಳಿಗೆ. ಇಂಥ ಸಮನ್ವಯ ವಿಧಾನಸೌಧದ ಇಲಾಖೆಗಳ ನಡುವೆಯೂ ಸಿಗದು.

ನಿವೃತ್ತಿಯ ಭಯ ತಮಗೆ ಬೇಡ. ತರಬೇತಾದ ವೈದ್ಯರಿಗೆ ವರ್ಗವಾಗಿ, ಮಾತ್ರೆ ಮುಗಿದು, ರೋಗಿ ನಾಲ್ಕು ದಿನ ಬಿಟ್ಟರೆ ಸಾಕು, ತಮಗೆ ಕರೆ ಬರುತ್ತದೆ. ಎಲ್ಲಿಯಾದರೂ ಮಾತ್ರೆ ತಿಂಗಳು ತಪ್ಪದೆ ಬರುತ್ತಿದೆ, ಆಶಾ ಕಾರ್ಯಕರ್ತೆ ಮನೆಗೇ ಹೋಗಿ “ಮಾತ್ರೆ ನುಂಗಿದ್ಯೇನಕ್ಕಾ?” ಎಂದು ಕೇಳುತ್ತಿದ್ದಾಳೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಮಾತ್ರ ಕೂಡಲೇ ಆ ತಾಲ್ಲೂಕು ಬಿಡುವುದು ಒಳ್ಳೆಯದು.

ಇತಿ,
ತಮ್ಮನ್ನು ಸದಾ ಜೇಬಿನಲ್ಲಿಟ್ಟುಕೊಂಡಿರುವ ಊರಿನವರು