ಚಡ್ಡಿ ಜೇಬಿನ ಶರದೃತು

ಆಶ್ವಯುಜ, ಕಾರ್ತಿಕ ಎಂಬ ಎರಡು ಮಾಸಗಳು ಶರದೃತು. ಶಾಲೆಯ ಚಿತ್ರಪುಸ್ತಕಗಳಲ್ಲಿ ಈ ಕಾಲಕ್ಕೆ ಮರಗಳೆಲ್ಲ ಕೆಂಪು, ಹಳದಿ ಎಲೆ ಹೊತ್ತು ನಿಂತಿರುತ್ತವೆ. ಉಣ್ಣೆಯ ಟೋಪಿ ತೊಟ್ಟ ಮಗುವೊಂದು ಉದುರಿದ ಎಲೆ ಆರಿಸುತ್ತಿರುತ್ತದೆ. ಕರ್ನಾಟಕದ ಮರಗಳು ಆ ಪುಸ್ತಕ ಓದಿಲ್ಲ. ಇಲ್ಲಿನ ಎಲೆ ಉದುರುವ ಕಾಡುಗಳು ಬೋಳಾಗುವುದು ಫೆಬ್ರುವರಿ, ಮಾರ್ಚಿನ ಹೊತ್ತಿಗೆ. ಅಕ್ಟೋಬರಿನಲ್ಲಿ ಬಣ್ಣದ ಎಲೆ ತರಬೇಕೆಂದು ಪ್ರಾಜೆಕ್ಟ್ ಕೊಟ್ಟರೆ, ಕಾಡುಬಾದಾಮಿ ಮರ ಹುಡುಕಿಕೊಂಡು ಅಪ್ಪಂದಿರು ಬೀದಿ ಬೀದಿ ಅಲೆಯಬೇಕಾಗುತ್ತದೆ. ಮಕ್ಕಳಿಗೆ ಇದರಿಂದ ನಷ್ಟವೇನಿಲ್ಲ. ಮಳೆ ಹಿಂದೆಗೆದು, ಹುಲ್ಲು ಅವರ ಎದೆಮಟ್ಟ ಬೆಳೆದು, ಬದುವಿನ ಮೇಲಿನ ಗಿಡಗಂಟಿಗಳಲ್ಲಿ ಬೀಜ ಬಲಿಯುವ ಕಾಲ ಅದು. ಸಾಲದ್ದಕ್ಕೆ ದಸರಾ ರಜೆ.

ಮೂರರಿಂದ ಏಳು ವರ್ಷದೊಳಗಿನವರ ವನವಿಹಾರಕ್ಕೆ ವನ ಬೇಕಿಲ್ಲ. ಖಾಲಿ ಸೈಟು, ಕೆರೆ ಏರಿ, ರಾಗಿ ಹೊಲದ ಬದು ಯಾವುದಾದರೂ ಆದೀತು. ದೊಡ್ಡವರು ಹತ್ತು ನಿಮಿಷದಲ್ಲಿ ಮುಗಿಸುವ ದಾರಿಗೆ ಅವರಿಗೆ ಇಡೀ ಬೆಳಗು ಬೇಕು. ‘ಅಲ್ನೋಡು ಪುಟ್ಟಾ, ಬೆಟ್ಟ’ ಎಂದು ಅಪ್ಪ ಕೈ ತೋರಿಸಿದಾಗ ಮಗು ಬೆಟ್ಟಕ್ಕೆ ಬೆನ್ನು ಮಾಡಿ ಕುಕ್ಕರುಗಾಲಿನಲ್ಲಿ ಕೂತಿರುತ್ತದೆ. ಸತ್ತ ಮಿಡತೆಯೊಂದನ್ನು ಹತ್ತಾರು ಇರುವೆಗಳು ಎಳೆದುಕೊಂಡು ಹೋಗುತ್ತಿರುವಾಗ ಬೆಟ್ಟ ನೋಡಲು ಪುರುಸೊತ್ತೆಲ್ಲಿ? ಬೆಟ್ಟವಂತೂ ನಾಳೆಯೂ ಅಲ್ಲೇ ಇರುತ್ತದೆ. ಈ ಲೆಕ್ಕಾಚಾರದಲ್ಲಿ ಮಗುವಿನದೇ ಸರಿ ಎಂದು ಒಪ್ಪಬೇಕು.

ಗಿಡಗಳ ಪೈಕಿ ಮೊದಲ ಮರ್ಯಾದೆ ಮುಟ್ಟಿದರೆ ಮುನಿಗೆ. ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಬಂದ ಈ ಗಿಡ ಈಗ ಇಲ್ಲಿನ ಬಯಲುಗಳಲ್ಲೆಲ್ಲ ಹಬ್ಬಿಕೊಂಡಿದೆ. ಮುಟ್ಟಿದೊಡನೆ ಎಲೆಯ ಬುಡದ ಉಬ್ಬಿನಲ್ಲಿರುವ ಜೀವಕೋಶಗಳಿಂದ ನೀರು ಹೊರಗೆ ಹರಿದು, ಬಿಗಿ ತಪ್ಪಿ, ಎಲೆ ಮಡಚಿಕೊಳ್ಳುತ್ತದೆ. ಮತ್ತೆ ಅರಳಲು ಕೆಲವು ನಿಮಿಷ ಬೇಕು. 2014ರಲ್ಲಿ ವಿಜ್ಞಾನಿ ಮೋನಿಕಾ ಗಾಲಿಯಾನೋ ಮತ್ತು ಸಂಗಡಿಗರು ಈ ಗಿಡದ ಕುಂಡಗಳನ್ನು ಮತ್ತೆ ಮತ್ತೆ ಹದವಾಗಿ ಕೆಳಗೆ ಬೀಳಿಸಿ ನೋಡಿದ ಪ್ರಯೋಗವನ್ನು ಪ್ರಕಟಿಸಿದರು. ಇದರಿಂದ ಅಪಾಯವಿಲ್ಲ ಎಂದು ಗೊತ್ತಾದ ಮೇಲೆ ಗಿಡ ಎಲೆ ಮಡಚುವುದನ್ನೇ ಬಿಟ್ಟಿತಂತೆ. ಅದೇ ಪ್ರಯೋಗವನ್ನು ಇಲ್ಲಿನ ಮಕ್ಕಳು ಯಾವ ಅನುದಾನವೂ ಇಲ್ಲದೆ ವರ್ಷವರ್ಷವೂ ನಡೆಸುತ್ತಾರೆ. ಗಿಡಕ್ಕೆ ಸಾಕಾದರೂ ಮಕ್ಕಳಿಗೆ ಸಾಕಾಗುವುದಿಲ್ಲ.

ನೀರು ತಾಗಿದರೆ ಚಟ್ಟನೆ ಸಿಡಿಯುವ ಕಂದು ಕಾಯಿಯ ಗಿಡವೊಂದಿದೆ. ನೇರಳೆ ಹೂವಿನದು, ಊರಿಗೊಂದು ಹೆಸರಿನದು. ಹೊಲದಲ್ಲಿ ನೀರು ಸಿಗದ ಕಾರಣ ಮಕ್ಕಳು ಎಂಜಲನ್ನೇ ಬಳಸುತ್ತಾರೆ. ಎಂಜಲು ಹಚ್ಚಿದ ಕಾಯಿಯನ್ನು ಮಲಗಿರುವ ಅಜ್ಜನ ಅಂಗೈಯಲ್ಲಿ ಇಡುವುದು ಈ ಶಾಖೆಯ ಮುಂದುವರಿದ ಅಧ್ಯಯನ. ತುಂಬೆ ಹೂ ಕಿತ್ತು ಬುಡದ ಮಕರಂದ ಹೀರುವುದರಲ್ಲಿ ಅಪಾಯವಿಲ್ಲ, ಹೊಟ್ಟೆ ತುಂಬುವ ಭಯವೂ ಇಲ್ಲ. ಗುಲಗಂಜಿಯ ಮಾತು ಮಾತ್ರ ಬೇರೆ. ಒಂದು ಕಾಲಕ್ಕೆ ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನ ತೂಗಿದ, ಸುಮಾರು 120 ಮಿಲಿಗ್ರಾಂ ತೂಕದ ಆ ಕೆಂಪು ಕಾಳಿನೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಕಾಳನ್ನು ಅಗಿದರೆ ಪ್ರಾಣಕ್ಕೇ ಕುತ್ತು. ಆಡುವ ಮಕ್ಕಳ ಬಾಯಿಯ ಮೇಲೆ ಒಂದು ಕಣ್ಣಿಡಬೇಕಾದದ್ದು ಇಲ್ಲಿಯೇ.

ಹುಳುಗಳಲ್ಲಿ ಹಳೇ ಮೈಸೂರಿನ ಕಡೆಯವರಿಗೆ ಜೀರ್ಜಿಂಬೆಯೇ ಪಟ್ಟದ ರಾಣಿ. ಮಳೆಗಾಲದ ಕೊನೆಗೆ ಜಾಲಿ ಗಿಡಗಳಲ್ಲಿ ಸಿಗುವ, ಹಸಿರು ಮಿರಮಿರ ಮಿಂಚುವ ದುಂಬಿ ಅದು. ಸಿಕ್ಕಿದ್ದನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟು, ಎಳೆಯ ಜಾಲಿಸೊಪ್ಪು ಹಾಕಿ, ಐದು ನಿಮಿಷಕ್ಕೊಮ್ಮೆ ತೆರೆದು ಊಟವಾಯಿತೇ ಎಂದು ವಿಚಾರಿಸಲಾಗುತ್ತದೆ. ಇಷ್ಟೊಂದು ವಿಚಾರಿಸಿಕೊಂಡರೆ ಯಾರಿಗಾದರೂ ಹಸಿವು ಸತ್ತೇ ಹೋಗುತ್ತದೆ. ರೆಕ್ಕೆಯ ಆ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ, ಪದರಗಳ ಮೇಲೆ ಬೆಳಕು ಆಡುವ ಆಟ. ಆದ್ದರಿಂದ ದುಂಬಿ ಸತ್ತ ಮೇಲೂ ಹೊಳಪು ಮಾಸುವುದಿಲ್ಲ. ಹೀಗಾಗಿ ‘ಸತ್ತಿಲ್ಲ, ಮಲಗಿದೆ’ ಎಂಬ ವಾದ ವಾರಗಟ್ಟಲೆ ನಡೆಯುತ್ತದೆ.

ಏರೋಪ್ಲೇನ್ ಚಿಟ್ಟೆಯ ಪಾಡು ಇನ್ನೂ ಕಷ್ಟ. ಈ ದಿನಗಳಲ್ಲಿ ಬಯಲ ಮೇಲೆ ಹಿಂಡುಗಟ್ಟಿ ಸುತ್ತುವ ಹಳದಿ ಮೈಯ ಜಾತಿಯೊಂದಿದೆ. ಉದ್ದ ಐದು ಸೆಂಟಿಮೀಟರಿಗೂ ಕಡಿಮೆ. ಅಕ್ಟೋಬರಿನಲ್ಲಿ ಇವು ದಂಡುದಂಡಾಗಿ ಮಾಲ್ಡೀವ್ಸ್‌ಗೆ ಬಂದಿಳಿಯುವುದನ್ನು ವರ್ಷಗಟ್ಟಲೆ ಗಮನಿಸಿದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್, ಇವು ಭಾರತದ ಕಡೆಯಿಂದ ಹೊರಟು ಸಾಗರ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ ಎಂದು 2009ರಲ್ಲಿ ವಾದ ಮಂಡಿಸಿದರು. ಅಂಥ ಸಮುದ್ರಯಾನಿ ಮದ್ದೂರಿನ ಯಾವುದೋ ಹಿತ್ತಿಲಲ್ಲಿ ಸಿಕ್ಕಿಬಿದ್ದು, ಹೊಲಿಗೆ ಡಬ್ಬದ ನೂಲನ್ನು ಬಾಲಕ್ಕೆ ಕಟ್ಟಿಸಿಕೊಂಡು, ಐದು ವರ್ಷದ ಪೋರನ ತಲೆಯ ಸುತ್ತ ಗಿರಕಿ ಹೊಡೆಯುತ್ತಿರುತ್ತದೆ. ಆಫ್ರಿಕ ಅರ್ಧ ಗಂಟೆ ಕಾಯಬೇಕು.

‘ಬಿಡೋ ಅದನ್ನ, ಪಾಪ ಬರುತ್ತೆ’ ಎನ್ನುತ್ತಾಳೆ ಅಜ್ಜಿ.

‘ಎಷ್ಟು ಹೊತ್ತಿಗೆ ಬರುತ್ತೆ ಅಜ್ಜೀ?’

ಇದಕ್ಕೆ ಯಾವ ಶಾಸ್ತ್ರದಲ್ಲೂ ಉತ್ತರವಿಲ್ಲ. ನೂಲನ್ನು ಬಿಚ್ಚುವವರು ಕೊನೆಗೆ ಅಜ್ಜಿಯೇ.

ಸಂಗ್ರಹಕ್ಕೆ ಇರುವ ಸ್ಥಳ ಚಡ್ಡಿಯ ಜೇಬು. ಅದರಲ್ಲಿ ಬಸವನಹುಳುವಿನ ಚಿಪ್ಪು, ಎಕ್ಕದ ಹತ್ತಿ, ಸೀತಾಫಲದ ಬೀಜ, ಒಂದು ಕಲ್ಲು, ಅದಕ್ಕಿಂತ ಚೆನ್ನಾಗಿರುವ ಇನ್ನೊಂದು ಕಲ್ಲು ಇರುತ್ತವೆ. ಎರಡು ಕಲ್ಲುಗಳ ನಡುವಿನ ವ್ಯತ್ಯಾಸ ದೊಡ್ಡವರಿಗೆ ತಿಳಿಯುವುದಿಲ್ಲ. ಒಂದನ್ನು ಎಸೆದು ನೋಡಿದರೆ ತಿಳಿಯುತ್ತದೆ.

ಜೇಬಿನ ಹೊರಗಿನ ಸಂಗ್ರಹ ಉತ್ತರಾಣಿಯದು. ಅದರ ಕಾಯಿಗಳು ಉದ್ದನೆಯ ಕಡ್ಡಿಗೆ ತಲೆಕೆಳಗಾಗಿ ಒರಗಿರುತ್ತವೆ. ಹಾದುಹೋಗುವ ಬಟ್ಟೆಗೆ ಚೂಪು ತುದಿ ಚುಚ್ಚಿ, ಕಡ್ಡಿ ಬಿಟ್ಟು ಹೊರಟುಬಿಡುತ್ತವೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ ಬೇಟೆಯಿಂದ ಮರಳಿ, ನಾಯಿಯ ತುಪ್ಪಳಕ್ಕೆ ಅಂಟಿದ್ದ ಇಂಥದೇ ಇನ್ನೊಂದು ಗಿಡದ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮಕ್ಕಳ ಬೂಟಿನ ಮೇಲೆ ಚರ್‍ರೆಂದು ಅಂಟಿ ಬಿಡುವ ವೆಲ್ಕ್ರೋ ಪಟ್ಟಿ ಹುಟ್ಟಿದ್ದು ಹಾಗೆ. ಪೇಟೆಂಟ್ ಸಿಕ್ಕಿದ್ದು 1955ರಲ್ಲಿ. ನಮ್ಮ ತಾಯಂದಿರ ಬಳಿ ಸೂಕ್ಷ್ಮದರ್ಶಕವಿಲ್ಲ. ಅವರು ಒಗೆಯುವ ಕಲ್ಲಿನ ಪಕ್ಕ ಕೂತು, ಚಡ್ಡಿಯ ಮಾಲೀಕನನ್ನೂ ಅವನ ಅಪ್ಪನ ವಂಶವನ್ನೂ ಒಟ್ಟಿಗೆ ನೆನೆಯುತ್ತ, ಒಂದೊಂದೇ ಕಾಯಿ ಕಿತ್ತು ಅಲ್ಲೇ ಬಿಸಾಡುತ್ತಾರೆ. ಉತ್ತರಾಣಿಗೆ ಬೇಕಾಗಿದ್ದದ್ದೂ ಅದೇ. ಬರುವ ಮುಂಗಾರಿಗೆ ಬಚ್ಚಲ ನೀರು ಕುಡಿದು ಅದು ಹಿತ್ತಿಲ ತುಂಬ ಏಳುತ್ತದೆ. ದೀಪಾವಳಿಯ ಪಾಡ್ಯದಂದು ಸಗಣಿಯಲ್ಲಿ ಮಾಡಿದ ಪಾಂಡವರಿಗೆ ಸಿಕ್ಕಿಸಲು ಉತ್ತರ ಕರ್ನಾಟಕದ ಮನೆಗಳಲ್ಲಿ ಉತ್ತರಾಣಿ ಕಡ್ಡಿ ಬೇಕೇ ಬೇಕು. ಮೊಮ್ಮಕ್ಕಳಿರುವ ಮನೆಯವರು ಅದಕ್ಕಾಗಿ ಹೊಲದ ತನಕ ಹೋಗುವ ಕಷ್ಟವಿಲ್ಲ.